ಕಿತ್ತಳೆ ಪೌಚಿನ ಬಾಯಿ ಸೊಟ್ಟಗಾದದ್ದು ಎಲ್ಲಿಂದ? ಕ್ರೋಶಾ ಜಿಪ್ ಪೌಚಿನ ದೋಷ ಹುಡುಕುವ ಬಗೆ

ಜುಲೈ ತಿಂಗಳ ಒಂದು ಸಂಜೆ. ಚಿಕ್ಕಮಗಳೂರಿನ ಮಳೆ ಗೊತ್ತಲ್ಲ, ಬೆಳಗ್ಗೆ ಹಿಡಿದದ್ದು ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಪಕ್ಕದ ಮನೆಯ ಹುಡುಗಿ ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಪ್ಲಾಸ್ಟಿಕ್ ಕವರಿನಿಂದ ಒಂದು ಪೌಚ್ ತೆಗೆದು ಮೇಜಿನ ಮೇಲಿಟ್ಟಳು. ಕಿತ್ತಳೆ ಹಣ್ಣಿನ ಪೌಚ್, ಮೇಲೊಂದು ಹಸಿರು ಎಲೆ. ಬಣ್ಣ ಚೆನ್ನಾಗಿತ್ತು. ಹೆಣಿಗೆಯೂ ಒತ್ತಾಗಿತ್ತು. ಆದರೆ ಜಿಪ್ ಎಳೆದ ಕೂಡಲೇ ಇಡೀ ಹಣ್ಣು ಒಂದು ಪಕ್ಕಕ್ಕೆ ಬಾಗಿ, ಕಿತ್ತಳೆ ಹೋಗಿ ಏಲಕ್ಕಿ ಬಾಳೆ ಆಗಿಬಿಡುತ್ತಿತ್ತು.

“ಆಂಟಿ, ಜಿಪ್ ಎರಡು ಸಲ ಬದಲಾಯಿಸಿದೆ. ಮೂರನೇದು ತರಬೇಕಾ?”

“ಮೂರನೇದು ಎಂತಕ್ಕೆ ಮಾರಾಯ್ತಿ? ಮೊದಲು ಇರುವ ಜಿಪ್ ಬಿಚ್ಚು, ನೋಡುವ.”

ಬಿಚ್ಚಿ ನೋಡಿದಾಗ ಜಿಪ್‌ಗೂ ಆ ಸೊಟ್ಟಕ್ಕೂ ಸಂಬಂಧವೇ ಇರಲಿಲ್ಲ. ತಪ್ಪು ಆದದ್ದು ಜಿಪ್ ಕೊಳ್ಳುವುದಕ್ಕೂ ನಾಲ್ಕು ದಿನ ಮೊದಲು, ಹಿಂದಿನ ಬಿಲ್ಲೆಯ ಏಳನೇ ಸುತ್ತಿನಲ್ಲಿ. ಈ ಪೌಚುಗಳ ಗೋಳೇ ಇದು. ದೋಷ ಹುಟ್ಟುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ಜಿಪ್ ಕೊನೆಯಲ್ಲಿ ಬರುತ್ತದೆ, ಹಾಗಾಗಿ ಎಲ್ಲ ಅಪವಾದ ಅದರ ತಲೆಗೇ.

ಯಾವ ಪೌಚಿನ ಮಾತು ಇದು

ಲೆಕ್ಕ ಹೇಳದೆ ದೋಷ ಹೇಳುವುದು ಕಷ್ಟ. ಹಾಗಾಗಿ ನಾನು ಮಾಡುವ ಕಿತ್ತಳೆಯನ್ನೇ ಹಿಡಿದು ಹೇಳುತ್ತೇನೆ. ಎರಡು ದುಂಡನೆಯ ಬಿಲ್ಲೆ, ಎಲ್ಲವೂ ಸಿಂಗಲ್ ಕ್ರೋಶಾ, ಅಂದರೆ ಗಿಡ್ಡನೆಯ ಸಾದಾ ಸ್ಟಿಚ್. ಮ್ಯಾಜಿಕ್ ರಿಂಗಿನಲ್ಲಿ (ಎಳೆದರೆ ಬಿಗಿಯಾಗುವ ದಾರದ ಕುಣಿಕೆ) 6 ಸ್ಟಿಚ್‌ನಿಂದ ಶುರು. ಆಮೇಲೆ ಪ್ರತಿ ಸುತ್ತಿಗೂ 6 ಹೆಚ್ಚುತ್ತಾ ಹೋಗಬೇಕು: 12, 18, 24, 30, 36, 42, 48, 54. ಒಂಬತ್ತು ಸುತ್ತಿಗೆ ಸಾಕು. ಸ್ವಲ್ಪ ದಪ್ಪದ ಅಕ್ರಿಲಿಕ್ ದಾರ, ಮೂರೂವರೆ ಮಿ.ಮೀ. ಕೊಕ್ಕೆ ಕಡ್ಡಿ. (ನಮ್ಮ ಕಡೆ ಅಕ್ರಿಲಿಕ್ ಆದರೂ, ಹತ್ತಿಯಾದರೂ ಎಲ್ಲದಕ್ಕೂ ‘ಉಲ್ಲನ್’ ಅನ್ನುತ್ತಾರೆ. ಈ ಅಭ್ಯಾಸ ಒಂದು ಕಡೆ ತೊಂದರೆ ಕೊಡುತ್ತದೆ, ಇಸ್ತ್ರಿಪೆಟ್ಟಿಗೆಯ ಹತ್ತಿರ ಬಂದಾಗ ಹೇಳುತ್ತೇನೆ.) ಬಿಲ್ಲೆಯ ಅಗಲ 11ರಿಂದ 12 ಸೆಂ.ಮೀ. ಬರುತ್ತದೆ. ಎರಡನ್ನೂ ಸೇರಿಸಿ ಹೆಣೆಯುವಾಗ 54ರಲ್ಲಿ 34 ಸ್ಟಿಚ್ ಒಟ್ಟುಗೂಡಿಸಿ, 20 ಸ್ಟಿಚ್ ಬಾಯಿಗೆ ಬಿಡುತ್ತೇನೆ. ನನ್ನ ಕೈಗೆ ಒಂದು ಸ್ಟಿಚ್ ಸುಮಾರು ಆರೂವರೆ ಮಿ.ಮೀ. ಅಂದರೆ ಬಾಯಿ 13 ಸೆಂ.ಮೀ. ಜಿಪ್ ಕೂಡ ಅಷ್ಟೇ.

ನಿಮ್ಮ ಕೈ ಬಿಗಿ ಇರಬಹುದು, ಸಡಿಲ ಇರಬಹುದು. ಅಳತೆ ಬದಲಾಗಲಿ, ಪರವಾಗಿಲ್ಲ. ಸ್ಟಿಚ್ ಲೆಕ್ಕ ಮಾತ್ರ ಬದಲಾಗಬಾರದು.

ಕತ್ತರಿ ಎತ್ತುವ ಮೊದಲು

ಪೌಚ್ ಖಾಲಿ ಮಾಡಿ ಮೇಜಿನ ಮೇಲಿಡಿ. ಜಿಪ್ ಪೂರ್ತಿ ಮುಚ್ಚಿ ನೋಡಿ. ಆಮೇಲೆ ಪೂರ್ತಿ ತೆರೆದು ನೋಡಿ.

ಮುಚ್ಚಿದಾಗ ಸೊಟ್ಟ, ತೆರೆದಾಗ ಸರಿ. ಹೀಗಿದ್ದರೆ ಬಾಯಿಯ ಎರಡು ಅಂಚುಗಳ ಉದ್ದ ಒಂದೇ ಇಲ್ಲ, ಇಲ್ಲವೇ ಜಿಪ್ಪಿನ ಎರಡು ಪಟ್ಟಿಗಳು ಸಮನಾಗಿ ಕೂತಿಲ್ಲ. ಮುಚ್ಚಿದಾಗ ಜಿಪ್ ಎರಡು ಅಂಚುಗಳನ್ನೂ ಹಲ್ಲಿಗೆ ಹಲ್ಲು ಕೂರಿಸಿ ಒಂದೇ ಉದ್ದಕ್ಕೆ ತರುತ್ತದೆ. ಗಿಡ್ಡ ಇರುವ ಅಂಚು ಎಳೆಯುತ್ತದೆ, ಉದ್ದ ಇರುವುದು ಉಬ್ಬುತ್ತದೆ.

ಮುಚ್ಚಿದರೂ ತೆರೆದರೂ ಬಾಯಿ ಅಲೆಅಲೆಯಾಗಿಯೇ ಇದ್ದರೆ ಎರಡು ಅಂಚುಗಳ ಲೆಕ್ಕ ಸರಿ ಇದೆ, ಹೊಲಿಯುವಾಗ ಬಟ್ಟೆ ಹಿಗ್ಗಿದೆ. ಬಾಯಿ ನೇರವಾಗಿದ್ದು ಹಣ್ಣಿನ ಹೊಟ್ಟೆ ಮಾತ್ರ ಬಟ್ಟಲಾಗಿಯೋ, ನಿರಿಗೆ ನಿರಿಗೆಯಾಗಿಯೋ, ಮೂಲೆ ಮೂಲೆಯಾಗಿಯೋ ಇದ್ದರೆ ತಪ್ಪು ಬಿಲ್ಲೆಯದ್ದು. ಆಗ ಜಿಪ್ ಮುಟ್ಟಲೇಬೇಡಿ.

ತೊಳೆದ ಮೇಲಷ್ಟೇ ಮುದುಡಿದ್ದರೆ ಮೊದಲ ಅನುಮಾನ ಲೈನಿಂಗ್ ಮೇಲೆ.

ಇಷ್ಟಕ್ಕೆ ಎರಡು ನಿಮಿಷ ಬೇಕು. ಈ ಎರಡು ನಿಮಿಷ ಉಳಿಸಲು ಹೋಗಿ ನಾನು ಒಂದು ಸಲ ಒಳ್ಳೆಯ ಜಿಪ್ ಕಿತ್ತು ಬಿಸಾಡಿದ್ದೇನೆ.

ಬಿಲ್ಲೆ ಬಟ್ಟಲಾಗಿದೆ, ಅಥವಾ ನಿರಿಗೆ ಬಂದಿದೆ

ಬಟ್ಟಲಾಗಿದೆ ಅಂದರೆ ಹೊರಗಿನ ಸುತ್ತು ಇರಬೇಕಾದಷ್ಟು ಉದ್ದ ಇಲ್ಲ, ಒಳಗೆ ಎಳೆಯುತ್ತಿದೆ. ಸೀರೆ ನಿರಿಗೆಯ ಹಾಗೆ ಅಲೆ ಬಂದರೆ ಹೊರಸುತ್ತು ಜಾಸ್ತಿ ಉದ್ದ. ಮೊದಲನೆಯದಕ್ಕೆ ಸಾಮಾನ್ಯ ಕಾರಣ ‘ಒಂದರಲ್ಲಿ ಎರಡು’ (ಹೆಚ್ಚಿಸಲು ಕೆಳಗಿನ ಒಂದೇ ಸ್ಟಿಚ್ಚಿನೊಳಗೆ ಎರಡು ಹೆಣೆಯುವುದು) ಹಾಕುವುದನ್ನು ಎಲ್ಲೋ ಮರೆತದ್ದು. ಎರಡನೆಯದಕ್ಕೆ ಅದನ್ನೇ ಜಾಸ್ತಿ ಹಾಕಿದ್ದು. ಎಣಿಸಿದರೆ ತಿಳಿಯುತ್ತದೆ. ಮೂರು, ನಾಲ್ಕನೇ ಸುತ್ತಲ್ಲಿ ಸ್ವಲ್ಪ ಬಟ್ಟಲಾದರೆ ಗಾಬರಿ ಬೇಡ. ಐದನೇ ಸುತ್ತಿನ ಹೊತ್ತಿಗೆ ಕೈಯಿಂದ ತಟ್ಟಿದರೆ ದೋಸೆಯಂತೆ ಮಲಗಬೇಕು, ಅಷ್ಟೇ.

ಎಣಿಕೆ ಸರಿ ಇದೆ, ಆದರೂ ಆಳವಾದ ಬಟ್ಟಲೇ ಆಗಿದೆ ಅನ್ನುವವರೂ ಬರುತ್ತಾರೆ. ಅವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಮಾದರಿ ಎಲ್ಲಿಯದು? ಬ್ರಿಟಿಷರ ಬರವಣಿಗೆಯಲ್ಲಿ ‘ಡಬಲ್ ಕ್ರೋಶಾ’ ಅಂದರೆ ಅಮೆರಿಕದವರ ಸಿಂಗಲ್. ನಾವು ವೀಡಿಯೊ ನೋಡಿ ಕಲಿತದ್ದು ಹೆಚ್ಚಾಗಿ ಅಮೆರಿಕದ ಹೆಸರುಗಳನ್ನು. ಹಳೆಯ ಹೆಣಿಗೆ ಪುಸ್ತಕವೊಂದು ಸಿಕ್ಕಿತು ಅಂತ ಅದರ ‘ಡಬಲ್’ ನೋಡಿ ನಮ್ಮ ಡಬಲ್ ಹಾಕಿದರೆ ಕತೆ ಮುಗಿಯಿತು. ಡಬಲ್ ಎತ್ತರದ ಸ್ಟಿಚ್. ಅದರಲ್ಲಿ ಬಿಲ್ಲೆ ಸಪಾಟಾಗಿ ಬರಬೇಕಾದರೆ ಸುತ್ತಿಗೆ 12 ಹೆಚ್ಚಬೇಕು, 6 ಸಾಲದು. ಪತ್ತೆ ಹಚ್ಚುವುದು ಸುಲಭ. ಇಡೀ ಮಾದರಿಯಲ್ಲಿ ‘ಸಿಂಗಲ್ ಕ್ರೋಶಾ’ ಅನ್ನುವ ಮಾತೇ ಇಲ್ಲದೆ, ಡಬಲ್ ಮತ್ತು ಟ್ರೆಬಲ್ ಮಾತ್ರ ಇದ್ದರೆ ಅದು ಬ್ರಿಟಿಷರದ್ದೇ ಅನ್ನಬಹುದು. ಅವರಲ್ಲಿ ಸಿಂಗಲ್ ಎಂಬ ಹೆಸರಿನ ಸ್ಟಿಚ್ಚೇ ಇಲ್ಲ.

ಇನ್ನೊಂದು ದೂರು: ದುಂಡಗೆ ಬರುವ ಬದಲು ಆರು ಮೂಲೆ ಬಂತು. ಇದು ಎಣಿಕೆಯ ತಪ್ಪಲ್ಲ. ಪ್ರತಿ ಸುತ್ತಲ್ಲೂ ‘ಒಂದರಲ್ಲಿ ಎರಡು’ ಒಂದರ ಮೇಲೊಂದು ಕೂತಿದೆ, ಅಲ್ಲಲ್ಲೇ ಮೂಲೆ ಎದ್ದಿದೆ. ಮೂಲೆ ಮೂಲೆಯಾಗಿರುವುದು ಬೇಲೂರಿನ ದೇವಸ್ಥಾನದ ಜಗಲಿಗೆ ಚೆಂದ, ಕಿತ್ತಳೆಗೆ ಅಲ್ಲ. ಒಂದು ಸುತ್ತು ಬಿಟ್ಟು ಒಂದು ಸುತ್ತಲ್ಲಿ ಜಾಗ ಪಲ್ಲಟ ಮಾಡಿ. ಉದಾಹರಣೆಗೆ ಆರನೇ ಸುತ್ತಲ್ಲಿ ‘ನಾಲ್ಕು ಸಾದಾ, ಒಂದರಲ್ಲಿ ಎರಡು’ ಎಂದು ಆರು ಸಲ ಮಾಡುವ ಬದಲು, ಮೊದಲು ಎರಡು ಸಾದಾ ಹಾಕಿ ಒಂದರಲ್ಲಿ ಎರಡು ಹಾಕಿ. ಆಮೇಲೆ ‘ನಾಲ್ಕು ಸಾದಾ, ಒಂದರಲ್ಲಿ ಎರಡು’ ಐದು ಸಲ. ಕೊನೆಗೆ ಎರಡು ಸಾದಾ. ಆಗಲೂ 36ಕ್ಕೇ ಬಂದು ನಿಲ್ಲುತ್ತದೆ, ಮೂಲೆ ಕರಗುತ್ತದೆ.

ಎರಡೂ ಬಿಲ್ಲೆ 54, ಆದರೆ ಒಂದರ ಮೇಲೊಂದು ಇಟ್ಟರೆ ಒಂದು ಚಿಕ್ಕದು. ಇದನ್ನು ನೋಡಿದ ಕೂಡಲೇ ಬೆಳಕಿಗೆ ಹಿಡಿದು ಸ್ಟಿಚ್ಚಿನ ಮುಖ ನೋಡಿ. ದಾರವನ್ನು ಕಡ್ಡಿಯ ಮೇಲಿಂದ ಸುತ್ತಿ ಎಳೆದರೆ ‘ವಿ’ ಅಕ್ಷರದ ಹಾಗೆ ಕಾಣುತ್ತದೆ. ಕಡ್ಡಿಯನ್ನು ದಾರದ ಮೇಲಿಂದ ತಂದು ಕೆಳಗಿನ ದಾರವನ್ನು ಕೊಕ್ಕೆಯಲ್ಲಿ ಹಿಡಿದು ಎಳೆದರೆ ‘ಎಕ್ಸ್’ ಹಾಗೆ ಕಾಣುತ್ತದೆ, ಹೆಣಿಗೆಯೂ ಬಿಗಿಯಾಗುತ್ತದೆ. ಮೊದಲ ಬಿಲ್ಲೆಯನ್ನು ಒಂದು ವೀಡಿಯೊ ನೋಡಿ, ಎರಡನೆಯದನ್ನು ಇನ್ನೊಂದು ವೀಡಿಯೊ ನೋಡಿ ಮಾಡಿದವರಲ್ಲಿ ಇದು ಜಾಸ್ತಿ. ಮುಖ ಒಂದೇ ಇದ್ದೂ ಅಳತೆ ಬೇರೆ ಆದರೆ ಅದು ಕೈಯ ಬಿಗಿ. ಟೀವಿ ನೋಡುತ್ತಾ ಹೆಣೆದದ್ದು ಒಂದು, ಮಕ್ಕಳ ಹೋಮ್‌ವರ್ಕ್ ನೋಡುತ್ತಾ ಹೆಣೆದದ್ದು ಇನ್ನೊಂದು. ಚಿಕ್ಕ ಬಿಲ್ಲೆಯನ್ನು ಅರ್ಧ ಮಿ.ಮೀ. ದೊಡ್ಡ ಕಡ್ಡಿಯಲ್ಲಿ ಮತ್ತೆ ಮಾಡಿ. ಎಳೆದು ಸಮ ಮಾಡುತ್ತೇನೆ ಅಂದರೆ ಅದು ನಾಳೆ ವಾಪಸ್ ಬರುತ್ತದೆ.

ಒಳಗು ಹೊರಗಾಗಿರುವುದನ್ನು ದೋಷ ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ‘ವಿ’ ಸಾಲುಗಳು ಕಾಣುವುದು ಸರಿಯಾದ ಮುಖ. ಸಣ್ಣ ಸಣ್ಣ ಅಡ್ಡ ಗೀಟು ಕಾಣುವುದು ಹಿಂಬದಿ. ಎರಡೂ ಬಿಲ್ಲೆ ಹೊರಗೆ ಒಂದೇ ಮುಖ ತೋರಿಸಿದರೆ ಸಾಕು, ಯಾವುದು ಅನ್ನುವುದು ನಿಮ್ಮ ಇಷ್ಟ. ನನಗೆ ಕಿತ್ತಳೆಗೆ ಹಿಂಬದಿಯೇ ಚೆಂದ ಕಾಣುತ್ತದೆ, ಸಿಪ್ಪೆಯ ಒರಟು ಬರುತ್ತದೆ.

ಮೂರು ಸ್ಟಿಚ್ ಕಳ್ಳತನ

ಈಗ ಆ ಹುಡುಗಿಯ ಪೌಚ್. ಮುಚ್ಚಿದರೆ ಬಾಳೆ, ತೆರೆದರೆ ಕಿತ್ತಳೆ. ಹಾಗಾಗಿ ಅಂಚುಗಳ ಉದ್ದವೇ ಬೇರೆ ಎಂದು ಜಿಪ್ ಬಿಚ್ಚಿಸಿದೆ. ಬಾಯಿಯ ಮುಂದಿನ ಅಂಚು ಎಣಿಸಲು ಹೇಳಿದೆ. 20. ಹಿಂದಿನ ಅಂಚು? ಎಣಿಸಿದಳು, ತಲೆ ಕೆರೆದುಕೊಂಡಳು, ಮತ್ತೆ ಎಣಿಸಿದಳು. 17.

ಸೇರಿಸುವಾಗ ಒಂದಕ್ಕೆ ಒಂದು ಎಂದು 34 ಸ್ಟಿಚ್ ಸರಿಯಾಗಿಯೇ ಸೇರಿಸಿದ್ದಳು. ಹಿಂದಿನ ಬಿಲ್ಲೆಯಲ್ಲಿ ಇದ್ದದ್ದೇ 51. ಕೊರತೆ ಪೂರ್ತಿ ಬಾಯಿಯ ಪಾಲಿಗೆ ಬಂದಿತ್ತು. ಮೂರು ಸ್ಟಿಚ್ ಅಂದರೆ ಹತ್ತಿರ ಹತ್ತಿರ ಎರಡು ಸೆಂ.ಮೀ. 13 ಸೆಂ.ಮೀ. ಜಿಪ್‌ಗೆ ಹೊಂದಿಸಲು 11 ಸೆಂ.ಮೀ. ಅಂಚನ್ನು ಎಳೆದು ಎಳೆದು ಹೊಲಿದಿದ್ದಳು. ಹೊಲಿದಾದ ಮೇಲೆ ಅದು ತನ್ನ ಉದ್ದಕ್ಕೆ ವಾಪಸ್ ಹೋಗಿ ಜಿಪ್ಪನ್ನೂ ಬಗ್ಗಿಸಿತು. ಹತ್ತು ಜಿಪ್ ಬದಲಾಯಿಸಿದರೂ ಬಗ್ಗುತ್ತಿತ್ತು.

ಮೂರು ಸ್ಟಿಚ್ ಎಲ್ಲಿ ಹೋದವು? ಸುತ್ತು ಸುತ್ತಾಗಿ ಬಿಲ್ಲೆಯ ಹೊರಗಿನಿಂದ ಒಳಗೆ ಎಣಿಸಿಕೊಂಡು ಹೋದೆವು. ಒಂಬತ್ತನೆಯದು 51, ಎಂಟು 46, ಏಳು 41, ಆರು 36. ಆರರವರೆಗೆ ಸರಿ. ಏಳರಿಂದ ಪ್ರತಿ ಸುತ್ತಲ್ಲೂ ಒಂದೊಂದು ಕಡಿಮೆ. ಅವಳು ಪ್ರತಿ ಸುತ್ತನ್ನೂ ಸ್ಲಿಪ್ ಸ್ಟಿಚ್ (ಎತ್ತರವಿಲ್ಲದ, ಬರೀ ಜೋಡಿಸುವ ಸ್ಟಿಚ್) ಹಾಕಿ ಮುಚ್ಚಿ, ಒಂದು ಚೈನ್ (ಸರಪಳಿಯ ಒಂದು ಕುಣಿಕೆ) ಏರಿಸಿ ಹೊಸ ಸುತ್ತು ಶುರು ಮಾಡುವವಳು. ಮೊದಲ ಆರು ಸುತ್ತಿನಲ್ಲಿ ಮೊದಲ ಸ್ಟಿಚ್ಚಿಗೆ ಸೇಫ್ಟಿ ಪಿನ್ ಚುಚ್ಚಿದ್ದಳು. ಆಮೇಲೆ “ಅಭ್ಯಾಸ ಆಯ್ತಲ್ಲ” ಎಂದು ಪಿನ್ ಬಿಟ್ಟಳು. ಚೈನ್ ಪಕ್ಕದಲ್ಲೇ, ಅದರ ಬುಡದಲ್ಲಿ ಅಡಗಿ ಕೂತಿರುವ ಮೊದಲ ಸ್ಟಿಚ್ಚನ್ನು ಹಾರಿಸಿ ಎರಡನೆಯದರಿಂದ ಶುರು ಮಾಡಿದ್ದಳು. ಅಲ್ಲೇ ಸುತ್ತಿಗೆ ಒಂದು ಹೋಯಿತು.

ಇದರ ಉಲ್ಟಾ ಕೂಡ ಇದೆ. ಸುತ್ತಿನ ಕೊನೆಯಲ್ಲಿ ಸ್ಲಿಪ್ ಸ್ಟಿಚ್ಚನ್ನೇ ಒಂದು ಸ್ಟಿಚ್ ಅಂದುಕೊಂಡು ಅದರೊಳಗೂ ಕಡ್ಡಿ ಹಾಕಿದರೆ ಸುತ್ತಿಗೆ ಒಂದು ಜಾಸ್ತಿಯಾಗುತ್ತದೆ. ಹೊಸಬರು ಒಂದು ಸುತ್ತಲ್ಲಿ ಬಿಡುತ್ತಾರೆ, ಇನ್ನೊಂದರಲ್ಲಿ ಸೇರಿಸುತ್ತಾರೆ. ಕೊನೆಗೆ 54ಕ್ಕೇ ಬಂದು ನಿಂತರೆ ಅದೃಷ್ಟ. ಆದರೆ ಬಿಲ್ಲೆ ಒಂದು ಕಡೆ ಉಬ್ಬಿರುತ್ತದೆ.

ಪರಿಹಾರಕ್ಕೆ ಪೂರ್ತಿ ಬಿಚ್ಚಬೇಕಾಗಿರಲಿಲ್ಲ. ಸೇರಿಸಿದ ಅಂಚು ಬಿಚ್ಚಿ, ಹಿಂದಿನ ಬಿಲ್ಲೆಯನ್ನು ಆರನೇ ಸುತ್ತಿನವರೆಗೆ ಎಳೆದು, ಮೂರು ಸುತ್ತು ಮತ್ತೆ ಹೆಣೆದರೆ ಆಯಿತು. 42, 48, 54 ಸೇರಿ 144 ಸ್ಟಿಚ್. ನಾನು ಕಾಫಿ ಕಾಯಿಸಿ ತರುವಷ್ಟರಲ್ಲಿ ಅವಳು ಒಂದು ಸುತ್ತು ಮುಗಿಸಿದ್ದಳು. ಈ ಸಲ ಪಿನ್ ಇತ್ತು.

ಒಂದೋ ಎರಡೋ ಸ್ಟಿಚ್ ವ್ಯತ್ಯಾಸಕ್ಕೆ ಇಷ್ಟೆಲ್ಲ ಬೇಕಾ ಅಂದರೆ, ಒಂದಕ್ಕೆ ಬೇಡ. ಬಾಯಿಯ ಅಂಚಿನಲ್ಲಿ ಒಂದು ಸುತ್ತು ಜಾಸ್ತಿ ಹಾಕುವಾಗ ಒಂದನ್ನು ಹೆಚ್ಚಿಸಿಕೊಳ್ಳಿ, ಯಾರಿಗೂ ಕಾಣುವುದಿಲ್ಲ. ಎರಡಾದರೆ ಯೋಚಿಸಿ. ಮೂರಾದರೆ ಬಿಚ್ಚಿ.

ಲೆಕ್ಕ ಸರಿ, ಆದರೂ ಬಾಯಿ ಅಲೆ ಅಲೆ

ಕ್ರೋಶಾ ಹಿಗ್ಗುತ್ತದೆ, ಜಿಪ್ಪಿನ ಪಟ್ಟಿ ಹಿಗ್ಗುವುದಿಲ್ಲ. ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಹೊಲಿಯುತ್ತಾ ಹೋದರೆ ಅಂಚು ತಾನಾಗಿ ಮುಂದಕ್ಕೆ ಜರುಗುತ್ತದೆ. ಕೊನೆಗೆ ಬಾಯಿಯಲ್ಲಿ ಒಂದು ಸೆಂ.ಮೀ. ಉಳಿದಿರುತ್ತದೆ, ಜಿಪ್ ಮುಗಿದಿರುತ್ತದೆ. ಅದನ್ನು ಅಲ್ಲೇ ತುರುಕಿ ಹೊಲಿದದ್ದೇ ಆ ತುದಿಯ ಗುಬ್ಬು.

ಬಿಚ್ಚಿದ ಮೇಲೆ ಮತ್ತೆ ಹೊಲಿಯುವ ಮೊದಲು ಎರಡು ಕೆಲಸ ಮಾಡಿ. ಬಾಯಿಯ ಸುತ್ತ ಒಂದು ಸಾಲು ಸ್ಲಿಪ್ ಸ್ಟಿಚ್ ಹಾಕಿ, ಅಂಚಿಗೆ ನಡುಪಟ್ಟಿ ಕಟ್ಟಿದ ಹಾಗೆ ಹಿಗ್ಗುವುದು ನಿಲ್ಲುತ್ತದೆ. ಆಮೇಲೆ ಬಾಯಿಯ ನಡು, ಕಾಲು, ಮುಕ್ಕಾಲು ಭಾಗಕ್ಕೆ ಬೇರೆ ಬಣ್ಣದ ದಾರದ ಗುರುತು ಹಾಕಿ. ಜಿಪ್ಪಿಗೂ ಅದೇ ಮೂರು ಗುರುತು, ಪೆನ್ಸಿಲ್‌ನಲ್ಲಿ. ಗುರುತಿಗೆ ಗುರುತು ಕೂಡಿಸಿ ಮುಚ್ಚಿದ ಜಿಪ್ಪನ್ನೇ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಜಿಪ್ ತೆರೆದು, ದಪ್ಪ ಪಾಲಿಯೆಸ್ಟರ್ ದಾರದಲ್ಲಿ ಹಿಂಹೊಲಿಗೆ. ಉಲ್ಲನ್ ದಾರದಲ್ಲೇ ಹೊಲಿಯುವವರಿದ್ದಾರೆ, ಅದು ಪಟ್ಟಿಯಲ್ಲಿ ಉಜ್ಜಿ ಉಜ್ಜಿ ಬೇಗ ಹರಿಯುತ್ತದೆ.

ಅಳತೆ ತೆಗೆಯುವಾಗ ಬಾಯಿಯನ್ನು ಕೈಯಲ್ಲಿ ಹಿಡಿದು ಎಳೆಯಬೇಡಿ, ಮೇಜಿನ ಮೇಲಿಟ್ಟು ಟೇಪು ಹಿಡಿಯಿರಿ. ಜಿಪ್ಪಿನದ್ದು ಹಲ್ಲು ಶುರುವಾಗುವಲ್ಲಿಂದ ಮುಗಿಯುವವರೆಗೆ ಮಾತ್ರ, ಆಚೀಚೆ ಉಳಿದ ಬಟ್ಟೆ ಲೆಕ್ಕಕ್ಕಿಲ್ಲ. ನಾನು ಊರಿನ ಅಂಗಡಿಯಿಂದ ಮೀಟರ್ ಲೆಕ್ಕದ ನೈಲಾನ್ ಜಿಪ್ ತಂದು ಬೇಕಾದಷ್ಟು ಕತ್ತರಿಸಿಕೊಳ್ಳುತ್ತೇನೆ. ಮೂರನೇ ನಂಬರ್ ಸಾಕು. ಐದನೇ ನಂಬರ್ ಬ್ಯಾಗಿಗೆ ಸರಿ, ಇಷ್ಟು ಚಿಕ್ಕ ಹಣ್ಣಿಗೆ ಹಾಕಿದರೆ ಹಣ್ಣೇ ಜಿಪ್ ಹೇಳಿದ ಹಾಗೆ ಬಗ್ಗುತ್ತದೆ. ನಂಬರ್ ಅಂದರೆ ಮುಚ್ಚಿದ ಹಲ್ಲಿನ ಅಗಲ, ಹೆಚ್ಚು ಕಡಿಮೆ ಮಿ.ಮೀ. ಲೆಕ್ಕದಲ್ಲಿ.

ಟೈಲರ್ ಹತ್ತಿರ ಮೆಷಿನ್ನಲ್ಲಿ ಹೊಲಿಸಿದರೆ ಅಲೆ ಬರುವುದು ಇನ್ನೂ ಜಾಸ್ತಿ. ಮೆಷಿನ್ನಿನ ಪಾದ ಮೇಲಿಂದ ಒತ್ತುತ್ತದೆ, ಕೆಳಗಿನ ಹಲ್ಲು ಮುಂದಕ್ಕೆ ಎಳೆಯುತ್ತದೆ. ಹಣ್ಣಿನ ಕೆಳಗೆ ಹಳೆಯ ಪೇಪರಿನ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದುಹಾಕಲು ಹೇಳಿ. ಟೈಲರ್ ನಗಬಹುದು, ನಗಲಿ.

ಕಿತ್ತಳೆಯ ಅಂಚು ಬಾಗಿರುತ್ತದೆ. ಒಳಗೆ ಮಡಚಿದ ಪಟ್ಟಿಯ ಬಟ್ಟೆಗೆ ಅಲ್ಲಿ ಜಾಗ ಸಾಲದೆ ಮುದುಡುತ್ತದೆ, ಹೊರಗೆ ಉಬ್ಬಾಗಿ ಕಾಣುತ್ತದೆ. ಪಟ್ಟಿಯ ಹೊರ ಅಂಚಿಗೆ ಅಲ್ಲಲ್ಲಿ ಸಣ್ಣ ಕತ್ತರಿ ಕೊಡಿ, ಹಲ್ಲಿನ ಹತ್ತಿರ ಬೇಡ. ಮುಂದಿನ ಸಲ ಮಾಡುವಾಗ ಬಿಲ್ಲೆಯ ಕೊನೆಗೆ ಎರಡು ಸುತ್ತು ಹೆಚ್ಚಿಸದೆ ಹೆಣೆದುಬಿಡಿ. ಸಣ್ಣ ಗೋಡೆ ಎದ್ದು ನಿಲ್ಲುತ್ತದೆ, ಜಿಪ್ ಅದರ ಮೇಲೆ ಆರಾಮಾಗಿ ಮಲಗುತ್ತದೆ.

ಜಿಪ್ ದಾರ ಕಚ್ಚುತ್ತಿದೆ

ಅಂಚು ಹಲ್ಲಿಗೆ ತೀರಾ ಹತ್ತಿರ ಇದೆ. ನಡುವೆ ಒಂದು ಬೆಂಕಿಕಡ್ಡಿ ಮಲಗುವಷ್ಟು ಜಾಗ ಬೇಕು. ನಾನು ನಿಜಕ್ಕೂ ಬೆಂಕಿಕಡ್ಡಿಯನ್ನೇ ಇಟ್ಟು ಹೊಲಿಯುತ್ತೇನೆ. ಜಾಗ ಇದ್ದೂ ಕಚ್ಚುತ್ತಿದ್ದರೆ ಕಚ್ಚುತ್ತಿರುವುದು ಹೊರಗಿನ ದಾರವೋ, ಒಳಗಿನ ಲೈನಿಂಗೋ ನೋಡಿ. ರನ್ನರ್ ಸಿಕ್ಕಿಕೊಂಡಾಗ ಮುಂದಕ್ಕೆ ಎಳೆಯಬೇಡಿ, ಬಂದ ದಾರಿಯಲ್ಲೇ ಹಿಂದಕ್ಕೆ ತನ್ನಿ.

ಏನೂ ಸಿಕ್ಕಿಕೊಳ್ಳದೆ ಸುಮ್ನೆ ಬಿಗಿಯಾಗಿದ್ದರೆ ಹಲ್ಲಿನ ಮೇಲೆ ಮೇಣದ ಬತ್ತಿ ಉಜ್ಜಿ. ರನ್ನರ್ ಹೋದ ಮೇಲೆ ಹಿಂದೆ ಹಲ್ಲು ಬಿಟ್ಟುಕೊಳ್ಳುತ್ತಿದ್ದರೆ ಹಲ್ಲು ಕೆಟ್ಟಿಲ್ಲ, ರನ್ನರಿನ ಬಾಯಿ ಸಡಿಲ. ಇಕ್ಕಳದಲ್ಲಿ ಎರಡೂ ಬದಿ ಸ್ವಲ್ಪವೇ ಅದುಮಿ. ಜಾಸ್ತಿ ಅದುಮಿದರೆ ಚಲಿಸುವುದೇ ಇಲ್ಲ, ಹೊಸದು ಹಾಕಬೇಕಾಗುತ್ತದೆ. ಮುಚ್ಚಿದಾಗ ಒಂದು ಪಟ್ಟಿಯ ತುದಿ ಮುಂದೆ, ಇನ್ನೊಂದರದ್ದು ಹಿಂದೆ ಇದ್ದರೆ ರನ್ನರ್ ಪೋಣಿಸುವಾಗಲೇ ಓರೆಯಾಗಿದೆ. ಪೂರ್ತಿ ಹೊರಗೆ ತೆಗೆದು ಎರಡೂ ತುದಿ ಒಟ್ಟಿಗೆ ತೂರಿಸಿ. ರನ್ನರನ್ನು ಫೋರ್ಕಿನ ಹಲ್ಲಿಗೆ ಸಿಕ್ಕಿಸಿ, ಫೋರ್ಕನ್ನು ಮಂಡಿಯ ನಡುವೆ ಹಿಡಿದರೆ ಎರಡೂ ಕೈ ಖಾಲಿ ಸಿಗುತ್ತವೆ.

ಉಂಡೆ ಹಣ್ಣುಗಳ ಸೀಳು ಬಾಯಿ

ನಿಂಬೆ, ಸೀಬೆ, ಕಾಫಿ ಹಣ್ಣು ಇಂಥವನ್ನು ಉಂಡೆಯಾಗಿ ಹೆಣೆದು ಹೊಟ್ಟೆಯ ನಡುವೆ ಸೀಳು ಬಿಡುತ್ತೇವೆ. 16 ಸ್ಟಿಚ್ ಬಿಟ್ಟು 16 ಚೈನ್ ಹಾಕಿ, ಮುಂದಿನ ಸುತ್ತಲ್ಲಿ ಆ ಚೈನಿನ ಮೇಲೆ ಹೆಣೆಯುವುದು. ಇಲ್ಲಿ ಬರುವ ದೂರು ಹೆಚ್ಚಾಗಿ ಒಂದೇ: ಮೇಲಿನ ತುಟಿ ಗಿಡ್ಡ, ಕೆಳಗಿನ ತುಟಿ ಜೋತು ಬಿದ್ದಿದೆ. ಚೈನ್ ಬಿಗಿಯಾಗಿದೆ, ಅಷ್ಟೇ. ಚೈನಿಗೆ ಮಾತ್ರ ಅರ್ಧ ಮಿ.ಮೀ. ದೊಡ್ಡ ಕಡ್ಡಿ ಹಿಡಿಯಿರಿ. ಒಂದು ಚೈನ್ ಜಾಸ್ತಿ ಹಾಕಿ ಸರಿ ಮಾಡಿದರೆ ಮುಂದಿನ ಸುತ್ತಲ್ಲಿ ಎಣಿಕೆ ತಪ್ಪುತ್ತದೆ.

ಕಾಫಿ ಹಣ್ಣು ನನಗೆ ತುಂಬಾ ಇಷ್ಟ, ಕೆಂಪು ದಾರದಲ್ಲಿ. ಒಳಗೆ ಹಾಕಲು ಎರಡು ಪುಟ್ಟ ಬೀಜವನ್ನೂ ಹೆಣೆದು ಕೊಡುತ್ತೇನೆ. ಒಂದು ಕಳೆದುಹೋದರೂ ಚಿಂತೆಯಿಲ್ಲ, ಒಂಟಿ ಬೀಜದ ಹಣ್ಣೂ ತೋಟದಲ್ಲಿ ಇರುತ್ತದಲ್ಲ.

ತೊಳೆದ ಮೇಲೆ ಮುದುಡಿತು

ಲೈನಿಂಗ್‌ಗೆ ಹತ್ತಿಯ ಬ್ಲೌಸ್ ಪೀಸ್ ಹಾಕಿರುತ್ತೀರಿ, ತೊಳೆಯದೆ. ಅದು ಕುಗ್ಗಿತು, ಅಕ್ರಿಲಿಕ್ ಕುಗ್ಗಲಿಲ್ಲ. ಪೌಚನ್ನು ಒಳಗು ಹೊರಗು ಮಾಡಿ ನೋಡಿದರೆ ಲೈನಿಂಗ್ ಬಿಗಿಯಾಗಿ ಎಳೆದುಕೊಂಡಿರುವುದು ಕಾಣುತ್ತದೆ. ಪಟ್ಟಿಯಿಂದ ಬಿಡಿಸಿ, ಹೊಸದನ್ನು ಮೊದಲೇ ತೊಳೆದು ಒಣಗಿಸಿ ಹಾಕಿ. 12 ಸೆಂ.ಮೀ. ಬಿಲ್ಲೆಗೆ ಹದಿಮೂರೂವರೆ ಸೆಂ.ಮೀ. ವೃತ್ತ ಕತ್ತರಿಸಿದರೆ ಹೊಲಿಗೆಗೆ ಒಂದೊಂದು ಸೆಂ.ಮೀ. ಹೋಗಿ, ಹಣ್ಣಿಗಿಂತ ಸ್ವಲ್ಪ ಚಿಕ್ಕದಾಗಿ ಕೂರುತ್ತದೆ. ದೊಡ್ಡದಾದರೆ ಒಳಗೆ ಜೋತು, ರನ್ನರಿನ ಬಾಯಿಗೆ ಬೀಳುತ್ತದೆ. ಲೈನಿಂಗಿನ ಅಂಚನ್ನು ಮಡಚಿ, ಹಲ್ಲಿಗಿಂತ ಮೂರು ನಾಲ್ಕು ಮಿ.ಮೀ. ಕೆಳಗೆ ಹೆಮ್ಮಿಂಗ್ ಮಾಡಿ.

ಮುದುಡಿದ್ದನ್ನು ಇಸ್ತ್ರಿ ಹಾಕಿ ಸರಿ ಮಾಡುತ್ತೇನೆ ಅನ್ನುವವರಿಗೆ, ದಯವಿಟ್ಟು ನಿಲ್ಲಿ. ‘ಉಲ್ಲನ್’ ಅಂತ ಕರೆದ ಮಾತ್ರಕ್ಕೆ ಅದು ಉಣ್ಣೆಯಲ್ಲ. ಬಿಸಿ ಇಸ್ತ್ರಿ ತಾಗಿದ ಅಕ್ರಿಲಿಕ್ ಹೊಳಪು ಬಂದು ಚಪ್ಪಟೆಯಾಗಿ, ಜೀವ ಹೋದ ಹಾಗೆ ಜೋತು ಬೀಳುತ್ತದೆ. ಮತ್ತೆ ಮೊದಲಿನಂತಾಗುವುದಿಲ್ಲ. ನನ್ನ ಮೊದಲ ಕಲ್ಲಂಗಡಿ ಹೋಳು ಹೀಗೇ ಹೋಯಿತು, ಒಂದು ಬದಿಯಲ್ಲಿ ಇವತ್ತಿಗೂ ಇಸ್ತ್ರಿಯ ಮೂತಿಯ ಗುರುತಿದೆ. ಹತ್ತಿ ದಾರವಾದರೆ ಒದ್ದೆ ಮಾಡಿ, ಪಿನ್ ಚುಚ್ಚಿ ಆಕಾರಕ್ಕೆ ಕೂರಿಸಬಹುದು.

ಮಳೆಗಾಲದಲ್ಲಿ ಇನ್ನೊಂದು. ಒಣಗಲಿಲ್ಲ ಎಂದು ಪೌಚನ್ನು ಬಚ್ಚಲೊಲೆಯ ಹತ್ತಿರ ಇಡುವವರಿದ್ದಾರೆ. ಸೀರೆ, ಟವೆಲ್ ತಡೆದುಕೊಳ್ಳಬಹುದು, ಅಕ್ರಿಲಿಕ್ ತಡೆದುಕೊಳ್ಳುವುದಿಲ್ಲ. ಟವೆಲಿನಲ್ಲಿ ಸುತ್ತಿ ಅದುಮಿ ನೀರು ತೆಗೆದು, ಜಿಪ್ ತೆರೆದಿಟ್ಟು ಫ್ಯಾನಿನ ಕೆಳಗೆ ಬಿಡಿ. ಅರೆಒಣಗಿದ್ದನ್ನು ಮುಚ್ಚಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಎರಡು ವಾರದ ನಂತರ

ಹುಡುಗಿ ಮತ್ತೆ ಬಂದಳು. ಈ ಸಲ ಪೌಚ್ ಒಂದು ಕೈಯಲ್ಲಿ, ರನ್ನರ್ ಇನ್ನೊಂದು ಕೈಯಲ್ಲಿ.

“ಬಸ್ಸಲ್ಲಿ ಚಿಲ್ಲರೆ ತೆಗೀವಾಗ ಹೀಗೇ ಕೈಗೆ ಬಂತು ಆಂಟಿ.”

ಪೌಚ್ ತಿರುಗಿಸಿ ನೋಡಿದೆ. ಬಾಯಿ ನೇರ, ಅಲೆ ಇಲ್ಲ, ಬಾಳೆಹಣ್ಣಾಗಿಲ್ಲ. ಕತ್ತರಿಸಿದ ಜಿಪ್ಪಿನ ತುದಿಗೆ ತಡೆ ಮಾತ್ರ ಹಾಕಿರಲಿಲ್ಲ. ಮೀಟರ್ ಲೆಕ್ಕದ ಜಿಪ್ಪಿಗೆ ತಡೆ ಇರುವುದಿಲ್ಲ, ನಾವೇ ಹಾಕಬೇಕು. ಎರಡೂ ತುದಿಯಲ್ಲಿ ಹಲ್ಲಿನ ಮೇಲೆ ಅಡ್ಡಡ್ಡವಾಗಿ ಏಳೆಂಟು ಸಲ ಬಿಗಿಯಾಗಿ ಹೊಲಿಯಬೇಕು, ರನ್ನರ್ ಅದಕ್ಕೆ ಬಡಿದು ನಿಲ್ಲುವ ಹಾಗೆ. ಆಮೇಲೆ ಉಳಿದ ಪಟ್ಟಿಯ ತುದಿಯನ್ನು ಮೇಣದ ಬತ್ತಿಯ ಉರಿಗೆ ಚೂರೇ ತೋರಿಸಿದರೆ ಎಳೆ ಬಿಚ್ಚುವುದಿಲ್ಲ. ದಾರಕ್ಕೆ ಉರಿ ತಾಗಬಾರದು, ಹಾಗಾಗಿ ಇದನ್ನು ಹಣ್ಣಿಗೆ ಹೊಲಿಯುವ ಮೊದಲೇ ಮಾಡಬೇಕಿತ್ತು. ಈಗ ತಡವಾಗಿತ್ತು, ತುದಿಗೆ ಉಗುರಿನ ಬಣ್ಣ ಹಚ್ಚಿಸಿದೆ. ಬಾಯಿಯ ಎರಡು ಮೂಲೆಯಲ್ಲೂ ಒಂದೊಂದು ಬೆರಳು ತೂರುವಷ್ಟು ಸಂದಿಯಿತ್ತು. ಅಲ್ಲಿಂದ ನಾಣ್ಯ ಜಾರುತ್ತದೆ. ರನ್ನರ್ ಪೋಣಿಸಿ ತಡೆ ಹಾಕಿದ ಮೇಲೆ ಪಟ್ಟಿಯ ತುದಿಗಳನ್ನು ಒಳಗೆ ಜೋಡಿಸಿ, ಕಿತ್ತಳೆ ಬಣ್ಣದ ದಾರದಲ್ಲೇ ನಾಲ್ಕು ಹೊಲಿಗೆ ಹಾಕಿ ಮುಚ್ಚಲು ಹೇಳಿದೆ.

ಮೊದಲು ರನ್ನರ್ ಪೋಣಿಸಲು ಫೋರ್ಕ್ ಕೇಳಿದಳು. ಮೊದಲ ಸಲ ಒಂದು ತುದಿ ಮುಂದೆ ಹೋಯಿತು. ನಾನು ಬಾಯಿ ತೆರೆಯುವ ಮೊದಲೇ “ಓರೆ ಆಯ್ತು” ಎಂದು ಹೊರಗೆ ಎಳೆದು ಮತ್ತೆ ತೂರಿಸಿದಳು.